ಮನೆಯ ಚಿತ್ರಮಂದಿರದಲ್ಲಿ ಮಾತಿಗೆ ಮೊದಲ ಮಣೆ

ವಾಸ್ಕೋದ ಬಾಯ್ನಾ, ಜುವಾರಿನಗರ, ಮಡಗಾಂವ, ಮಾಪುಸಾ - ಗೋವೆಯ ಯಾವ ಭಾಗದ ಕನ್ನಡ ಮನೆಗೆ ಹೋದರೂ ಈಗ ಗೋಡೆಯ ಮೇಲೊಂದು ಅಗಲವಾದ ಟಿ.ವಿ. ಕಾಣುವುದು ಸಾಮಾನ್ಯವಾಗಿದೆ. 1961ರ ವಿಮೋಚನೆಯ ತರುವಾಯ ಬಂದರು, ಗಣಿ, ಕಟ್ಟಡಗಳ ಕೆಲಸವನ್ನರಸಿ ವಿಜಾಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ ಸೀಮೆಗಳಿಂದ ಘಟ್ಟವಿಳಿದು ಬಂದವರ ಮೊಮ್ಮಕ್ಕಳು ಇಂದು ಶಾಲೆ ಕಾಲೇಜುಗಳಲ್ಲಿದ್ದಾರೆ. ಟಿ.ವಿ. ಬಂದ ಮೇಲೆ ಅದರ ಬೆನ್ನಿಗೇ ಇನ್ನೊಂದು ಹಂಬಲವೂ ಬಂದಿದೆ. “ಸರ್ರ, ಮನ್ಯಾಗ ಒಂದು ಥೇಟರ್ ಮಾಡಬೇಕಂತೀವಿ, ರೊಕ್ಕ ಭಾಳ ಬೇಕಾಗತೈತೇನ್ರಿ?” ಎಂದು ಪಾಲಕರು ನನ್ನನ್ನು ಕೇಳುವುದುಂಟು. ಶಾಲೆಯ ಗಣಕಯಂತ್ರಗಳ ತಂತಿ ಜೋಡಿಸುವ ಕೆಲಸವೂ ಮುಖ್ಯಾಧ್ಯಾಪಕನ ಪಾಲಿಗೇ ಬರುವ ಕಾಲವಿದು. ಈ ಪ್ರಶ್ನೆಯೂ ಅವನ ಪಾಲಿಗೆ ಬಂದರೆ ಆಶ್ಚರ್ಯವಿಲ್ಲ.

ಇಂಥವರಿಗೆ ನಾನು ಹೇಳುವ ಮಾತು ಒಂದೇ. ಟಿ.ವಿ. ಇದ್ದದ್ದೇ ಇರಲಿ, ಕೈಯಲ್ಲಿರುವ ಹಣವನ್ನು ಧ್ವನಿಗೆ ಹಾಕಿರಿ. ಧ್ವನಿಯಲ್ಲಿಯೂ ಗುಡುಗು ಸಿಡಿಲಿಗಲ್ಲ, ಮಾತಿಗೆ ಹಾಕಿರಿ. ಇದಕ್ಕೆ ಕಾರಣವಿದೆ. ಬೆಂಗಳೂರಿನ ಮಗುವಿಗೆ ಸಿನಿಮಾ ಕೇವಲ ಸಿನಿಮಾ. ನಮ್ಮ ಮಕ್ಕಳ ಸ್ಥಿತಿ ಬೇರೆ. ಅವರಿಗೆ ಓಣಿಯಲ್ಲಿ ಕೊಂಕಣಿ, ಪೇಟೆಯಲ್ಲಿ ಹಿಂದಿ, ಹೆಚ್ಚಿನವರಿಗೆ ತರಗತಿಯಲ್ಲಿ ಇಂಗ್ಲಿಷ್ ಅಥವಾ ಮರಾಠಿ. ಕನ್ನಡವೆಂದರೆ ತಾಯಿಯ ಅಡಿಗೆಮನೆಯ ಕನ್ನಡ, ಅಜ್ಜಿಯ ಕನ್ನಡ. ಅದು ಸವಿಯಾದದ್ದು, ಆದರೆ ಒಂದೇ ಊರಿನದು. ಮೈಸೂರಿನವರು ಹೇಗೆ ಜಗಳವಾಡುತ್ತಾರೆ, ಕುಂದಾಪುರದವರು ಹೇಗೆ ಚೇಷ್ಟೆ ಮಾಡುತ್ತಾರೆ, ನ್ಯಾಯಾಲಯದಲ್ಲಿ ಕನ್ನಡ ಹೇಗೆ ಕೇಳಿಸುತ್ತದೆ ಎಂಬುದನ್ನು ಈ ಮಕ್ಕಳು ಅರಿಯುವುದು ಬಹುಮಟ್ಟಿಗೆ ತೆರೆಯ ಮೇಲಿನಿಂದಲೇ. ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 2004ರಿಂದ ಗೋವೆಯಲ್ಲಿಯೇ ನಡೆಯುತ್ತಿದೆಯೆಂಬುದು ನಿಜ. ಆದರೆ ವರುಷದ ಉಳಿದ ದಿನಗಳಲ್ಲಿ, ದೊಡ್ಡ ಹೆಸರಿನ ಕೆಲವು ಚಿತ್ರಗಳನ್ನು ಬಿಟ್ಟರೆ, ಇಲ್ಲಿಯ ಚಿತ್ರಮಂದಿರಗಳಲ್ಲಿ ಕನ್ನಡ ಕೇಳಿಬರುವುದು ಅಪರೂಪ. ಹೀಗಿರುವಾಗ ಮನೆಯ ಟಿ.ವಿ.ಯಲ್ಲೂ ವಾದ್ಯದ ಅಬ್ಬರದಲ್ಲಿ ಮಾತು ಮುಳುಗಿಹೋದರೆ ಏನಾಗುತ್ತದೆ? ಮಗು ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಓದುತ್ತದೆ. ಕನ್ನಡ ಚಿತ್ರವನ್ನು ಇಂಗ್ಲಿಷಿನಲ್ಲಿ ನೋಡಿ ಮುಗಿಸುತ್ತದೆ! ಇದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ನಮ್ಮ ಹಿರಿಯರ ಕಿವಿಗೆ ಈ ತೊಂದರೆ ಇರಲಿಲ್ಲ. ಕಂಪನಿ ನಾಟಕದ ನಟರು ಮೈಕಿಲ್ಲದೆಯೇ ಹಿಂದಿನ ಸಾಲಿನ ಪ್ರೇಕ್ಷಕನಿಗೂ ಮಾತು ಮುಟ್ಟಿಸುತ್ತಿದ್ದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದುದು ಕೊಲ್ಹಾಪುರದಲ್ಲಿ ಎಂಬುದನ್ನು ಗಡಿಯಾಚೆಯ ವಾಚಕರು ನೆನಪಿಡತಕ್ಕದ್ದು. ಆಗಿನಿಂದ ಬಹುಕಾಲ ನಮ್ಮ ಚಿತ್ರಗಳ ಧ್ವನಿ ಒಂದೇ ಧಾರೆಯದು. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ತೆರೆಯ ಕಡೆಯಿಂದ ಬಂದದ್ದೇ ಧ್ವನಿ. ಮಾತೂ ಅಲ್ಲಿಂದಲೇ, ಹಾಡೂ ಅಲ್ಲಿಂದಲೇ. ಅಮೆರಿಕೆಯಲ್ಲಿ 1940ರಷ್ಟು ಹಿಂದೆಯೇ ವಾಲ್ಟ್ ಡಿಸ್ನಿಯ ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ ಕೆಲವೇ ಮಂದಿರಗಳಲ್ಲಿ ಸುತ್ತಲೂ ಧ್ವನಿ ಹರಡುವ ಏರ್ಪಾಡು ಆಗಿತ್ತು. ಇಂದು ನಾವು ಐದು ಪಾಯಿಂಟ್ ಒಂದು ಎಂದು ಕರೆಯುವ ಪದ್ಧತಿಯು ಡಾಲ್ಬಿ ಡಿಜಿಟಲ್ ಎಂಬ ರೂಪದಲ್ಲಿ ಮಂದಿರಗಳಿಗೆ ಬಂದದ್ದು 1992ರಲ್ಲಿ, ‘ಬ್ಯಾಟ್‌ಮನ್ ರಿಟರ್ನ್ಸ್’ ಎಂಬ ಚಿತ್ರದೊಡನೆ. ಮುಂದೆ ಡಿ.ವಿ.ಡಿ. ತಟ್ಟೆಗಳು ಅದನ್ನು ಮನೆಯೊಳಕ್ಕೆ ತಂದವು.

ಈ 5.1 ಎಂಬುದರ ಅರ್ಥವಿಷ್ಟು. ಮುಂದೆ ಮೂರು ಸ್ಪೀಕರುಗಳು: ಎಡ, ಬಲ, ನಡು. ಪಕ್ಕಕ್ಕೆ ಸ್ವಲ್ಪ ಹಿಂದೆ ಎರಡು. ಇವು ಐದಾದವು. ದೊಡ್ಡ ಪೆಟ್ಟಿಗೆಯಂತಿರುವ ಸಬ್‌ವೂಫರ್ ಕೇವಲ ಮಂದ್ರಸ್ವರಗಳಿಗೆ ಮೀಸಲು. ಮನುಷ್ಯನ ಕಿವಿ ಸುಮಾರು 20ರಿಂದ 20,000 ಕಂಪನಗಳವರೆಗೆ ಕೇಳಬಲ್ಲುದಾದರೆ, ಇದಕ್ಕಾಗಿ ಚಿತ್ರದಲ್ಲಿ ಪ್ರತ್ಯೇಕವಾಗಿಟ್ಟ ಧಾರೆಯು ಸುಮಾರು 120ರವರೆಗಿನದನ್ನು ಮಾತ್ರ ಹೊರುತ್ತದೆ. ಆದುದರಿಂದಲೇ ಅದಕ್ಕೆ ಪೂರ್ಣ ಅಂಕ ಕೊಡದೆ ‘ಪಾಯಿಂಟ್ ಒಂದು’ ಎಂದರು. ಅಂಗಡಿಯವನು ಮೊದಲು ಕೇಳಿಸುವುದು ಈ ಪೆಟ್ಟಿಗೆಯ ಗುದ್ದನ್ನೇ. ಎದೆ ನಡುಗಿದೊಡನೆ ಗಿರಾಕಿಯ ಕೈ ಜೇಬಿಗೆ ಹೋಗುತ್ತದೆ. ಆದರೆ ಚಿತ್ರದಲ್ಲಿ ಆಡುವ ಮಾತು ಬಹುಪಾಲು ಬರುವುದು ನಡುವಿನ ಸ್ಪೀಕರಿನಿಂದ. ಚಿತ್ರಮಂದಿರದಲ್ಲಿ ಅದನ್ನು ತೆರೆಯ ಹಿಂದೆ ಇಡುತ್ತಾರೆ. ತೆರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿದ್ದು ಮಾತು ನಟನ ತುಟಿಯಿಂದಲೇ ಹೊರಟಂತೆ ತೋರುತ್ತದೆ. ಆದ್ದರಿಂದ ಕೊಳ್ಳುವಾಗ ಗುದ್ದನ್ನು ಕೇಳಬೇಡಿರಿ. ಇಬ್ಬರು ಕುಳಿತು ಮಾತನಾಡುವ ದೃಶ್ಯವೊಂದನ್ನು ಹಾಕಿಸಿ, ತುಸು ಮೆಲ್ಲನೆ ಇರಿಸಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ತಿಳಿಯುವುದೋ ನೋಡಿರಿ.

ಇನ್ನೊಂದು ಎಚ್ಚರಿಕೆ. 5.1 ಎಂದು ಬರೆದ ಅಗ್ಗದ ಪೆಟ್ಟಿಗೆಗಳಲ್ಲಿ ಎಷ್ಟೋ ಕೇವಲ ಹೆಸರಿಗೆ ಮಾತ್ರ ಹಾಗಿರುತ್ತವೆ. ಹಿಂಭಾಗವನ್ನು ತಿರುಗಿಸಿ ನೋಡಬೇಕು. ಆರು ಧಾರೆಗಳನ್ನು ಬೇರೆ ಬೇರೆಯಾಗಿ ಒಳಗೆ ತೆಗೆದುಕೊಳ್ಳುವ ಮೂರು ಜೋಡಿ ಕಿಂಡಿಗಳಾಗಲಿ, ಎಚ್.ಡಿ.ಎಂ.ಐ. ಅಥವಾ ಆಪ್ಟಿಕಲ್ ಕಿಂಡಿಯಾಗಲಿ ಇಲ್ಲದಿದ್ದರೆ, ಅದು ಎರಡು ಧಾರೆಗಳನ್ನೇ ಐದು ಕಡೆ ಹಂಚುವ ಯಂತ್ರ. ಸಾಮಾನ್ಯ ಬ್ಲೂಟೂತ್ ಜೋಡಣೆಯಲ್ಲಿ ಬರುವುದೂ ಎರಡೇ ಧಾರೆ. ಅಂಥದ್ದಕ್ಕೆ ಹಣ ಸುರಿಯುವ ಬದಲು ಎರಡು ಒಳ್ಳೆಯ ಸ್ಪೀಕರುಗಳನ್ನು ಕೊಳ್ಳುವುದು ಲೇಸು.

ಗಣಕಯಂತ್ರಕ್ಕೆ ಹೆಚ್ಚು ವೆಚ್ಚ ಬೇಡ. ಕಚೇರಿಗಳಲ್ಲಿ ಬಳಸಿ ಬಿಟ್ಟ ಹಳೆಯ ಡೆಸ್ಕ್‌ಟಾಪ್ ಯಂತ್ರ ಚಿತ್ರ ತೋರಿಸಲು ಸಾಕು. ಎಂಟು ಹತ್ತು ಸಾವಿರ ರೂಪಾಯಿಯೊಳಗೆ ಅದು ದೊರೆತು, ಸ್ಪೀಕರುಗಳಿಗೆ ಐದಾರು ಸಾವಿರ ಹಿಡಿದರೆ, ಟಿ.ವಿ. ಇರುವ ಮನೆಗೆ ಸುಮಾರು ಹದಿನೈದು ಸಾವಿರದಲ್ಲಿ ಕೆಲಸ ಮುಗಿಯುತ್ತದೆ. ವಿಂಡೋಸ್ 10ಕ್ಕೆ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ಆಶ್ರಯ 2025ರ ಅಕ್ಟೋಬರ್ 14ರಂದು ನಿಂತಿತು. ಹಳೆಯ ಯಂತ್ರದಲ್ಲಿ ಅದೇ ಇದ್ದರೆ ಚಿತ್ರ ನೋಡಲಿಕ್ಕಷ್ಟೇ ಬಳಸಿ, ಬ್ಯಾಂಕಿನ ವ್ಯವಹಾರಕ್ಕೆ ಬಳಸದಿರುವುದು ಒಳಿತು. ಇಲ್ಲವೆ ಉಚಿತವಾಗಿ ಸಿಗುವ ಲಿನಕ್ಸನ್ನು ಹಾಕಿಸಬಹುದು. ಚಿತ್ರ ಓಡಿಸಲು ವಿ.ಎಲ್.ಸಿ. ಎಂಬ ತಂತ್ರಾಂಶವೂ ಉಚಿತ. ಪ್ಯಾರಿಸಿನ ವಿದ್ಯಾರ್ಥಿಗಳು 1996ರಲ್ಲಿ ತಮ್ಮ ಕಾಲೇಜಿನಲ್ಲಿ ಕೈಗೊಂಡ ಯೋಜನೆಯಿಂದ ಅದು ಬೆಳೆದುಬಂತು. ವಿದ್ಯಾರ್ಥಿಗಳ ಕೆಲಸವೆಂದು ನಮ್ಮ ಮೇಲಿನ ತರಗತಿಯ ಮಕ್ಕಳಿಗೆ ಇದನ್ನು ಹೇಳುವುದರಲ್ಲಿ ನನಗೆ ವಿಶೇಷ ಸಂತೋಷ.

ಯಂತ್ರದ ಹಿಂದೆ ಬಣ್ಣ ಬಣ್ಣದ ಸಣ್ಣ ಕಿಂಡಿಗಳಿರುತ್ತವೆ. ಹಸಿರು ಮುಂದಿನ ಎಡಬಲಗಳಿಗೆ, ಕಪ್ಪು ಹಿಂದಿನ ಎರಡಕ್ಕೆ, ಕಿತ್ತಳೆ ನಡುವಿನದಕ್ಕೂ ಸಬ್‌ವೂಫರಿಗೂ. ಮೂರೇ ಕಿಂಡಿಗಳಿರುವ ಯಂತ್ರಗಳಲ್ಲಿ ನೀಲಿ ಮತ್ತು ಗುಲಾಬಿ ಕಿಂಡಿಗಳೇ ಕಪ್ಪು ಕಿತ್ತಳೆಗಳ ಕೆಲಸವನ್ನು ವಹಿಸಿಕೊಳ್ಳುತ್ತವೆ. ತಂತಿ ಸಿಕ್ಕಿಸಿದರಷ್ಟೇ ಸಾಲದು. ಧ್ವನಿಯ ವ್ಯವಸ್ಥೆಯಲ್ಲಿ 5.1 ಎಂದು ಗುರುತಿಸಿ, ಪರೀಕ್ಷೆಯ ಗುಂಡಿಯನ್ನು ಒತ್ತಿ, ಒಂದೊಂದೇ ಸ್ಪೀಕರು ನುಡಿಯುವುದನ್ನು ಕೇಳಬೇಕು. ಇದರಲ್ಲಿಯೇ ಎಷ್ಟೋ ಮನೆಗಳ ರೋಗದ ಮೂಲವಿದೆ. ಇರುವುದು ಎರಡೇ ಸ್ಪೀಕರು, ಯಂತ್ರಕ್ಕೆ ಹೇಳಿದ್ದು ಆರು ಎಂದು. ಆಗ ಯಂತ್ರವು ಮಾತನ್ನು ಇಲ್ಲದ ನಡು ಸ್ಪೀಕರಿಗೆ ಕಳುಹಿಸುತ್ತದೆ. ಹಾಡು ಕೇಳುತ್ತದೆ, ಮಳೆ ಕೇಳುತ್ತದೆ, ನಾಯಕನ ತುಟಿ ಅಲ್ಲಾಡುತ್ತದೆ, ಮಾತು ಮಾತ್ರ ಬಾವಿಯೊಳಗಿಂದ ಬಂದಂತೆ! ಚಿತ್ರದ ಪ್ರತಿ ಕೆಟ್ಟಿದೆಯೆಂದು ಮನೆಯವರು ತಿಳಿಯುತ್ತಾರೆ. ವ್ಯವಸ್ಥೆಯಲ್ಲಿ ‘ಸ್ಟೀರಿಯೋ’ ಎಂದು ಬದಲಿಸಿದರೆ ಮಾತು ಎರಡರಲ್ಲೂ ಸಮನಾಗಿ ಹಂಚಿಕೊಂಡು ಮೇಲೆದ್ದು ಬರುತ್ತದೆ. ಇದಕ್ಕೆ ಕಾಸೂ ಖರ್ಚಿಲ್ಲ.

ಸ್ಪೀಕರುಗಳನ್ನು ಇಡುವ ಬಗೆಗೆ ಕೋನಮಾಪಕ ಬೇಕಿಲ್ಲ, ಗಡಿಯಾರ ಸಾಕು. ಮನೆಯವರು ಕುಳಿತುಕೊಳ್ಳುವ ಜಾಗದ ನಡುವೆ ಒಂದು ಹಗ್ಗದ ತುದಿಯನ್ನು ಒತ್ತಿಹಿಡಿದು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ನೆಲದ ಮೇಲೆ ವೃತ್ತವನ್ನೆಳೆಯಿರಿ. ಟಿ.ವಿ. ಇರುವ ದಿಕ್ಕು ಹನ್ನೆರಡು ಗಂಟೆ; ನಡು ಸ್ಪೀಕರು ಅಲ್ಲಿ. ಎಡಬಲದವು ಹನ್ನೊಂದಕ್ಕೆ ಮತ್ತು ಒಂದಕ್ಕೆ. ಹಿಂದಿನವು ಎಂಟಕ್ಕೆ ಮತ್ತು ನಾಲ್ಕಕ್ಕೆ. ಬೆನ್ನ ಹಿಂದಿನ ಮೂಲೆಗಳಲ್ಲಿ, ಅಂದರೆ ಐದು ಏಳರ ಬಳಿ, ತೂಗುಹಾಕುವ ರೂಢಿ ಬಹಳ ಕಡೆ ಇದೆ, ಅದು ಸರಿಯಲ್ಲ. ನೆಲದ ಮೇಲೆ ಚಾಪೆ ಹಾಸಿ ಕುಳಿತವರ ಕಿವಿ ಸುಮಾರು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಮುಂದಿನ ಮೂರೂ ಆ ಎತ್ತರದ ಹತ್ತಿರವಿರಲಿ, ಟಿ.ವಿ.ಯ ಕೆಳಗಿನ ನಡು ಸ್ಪೀಕರು ಅದಕ್ಕಿಂತ ತಗ್ಗಿನಲ್ಲಿದ್ದರೆ ಅದರ ಮುಂಭಾಗಕ್ಕೆ ಒಂದು ಮರದ ಚೂರನ್ನು ಕೊಟ್ಟು ಮೋರೆಯನ್ನು ಮೇಲೆತ್ತಿರಿ. ಚಿಕ್ಕ ಕೋಣೆಯಲ್ಲಿ ಹಿಂದಿನವು ಕಿವಿಗೆ ತೀರ ಹತ್ತಿರವಾದರೆ ಅವುಗಳ ದನಿಯನ್ನು ತಗ್ಗಿಸಬೇಕು. ಧ್ವನಿ ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಹತ್ತಿರದ್ದು ಮೊದಲು ಮುಟ್ಟಿ ಗಮನವನ್ನು ತನ್ನತ್ತ ಸೆಳೆಯುತ್ತದೆ.

ಎಲ್ಲ ಚಿತ್ರಗಳಿಗೂ ಈ ಸಂಭ್ರಮ ಬೇಕೆಂದಿಲ್ಲ. 1972ರ ‘ಬಂಗಾರದ ಮನುಷ್ಯ’, ‘ನಾಗರಹಾವು’ ಮುಂತಾದವು ಒಂದೇ ಧಾರೆಯ ಕಾಲದ ಚಿತ್ರಗಳು. ಅವನ್ನು ಐದು ಕಡೆ ಹರಡುವುದು ತಿಳಿಸಾರಿಗೆ ನೀರು ಹೊಯ್ದಂತೆ. ನಡುವಿನದರಲ್ಲಿ ಅಥವಾ ಮುಂದಿನ ಎರಡರಲ್ಲಿ ಕೇಳಿದರೆ ಸಾಕು. ಅಂತರಜಾಲದಲ್ಲಿ ಗಣಕಯಂತ್ರದ ಮೂಲಕ ನೋಡುವ ಹೊಸ ಚಿತ್ರಗಳಲ್ಲಿಯೂ ಬಹಳಷ್ಟು ಎರಡೇ ಧಾರೆಗಳಲ್ಲಿ ಬರುತ್ತವೆ. ನಿಜವಾಗಿ ಆರೂ ಧಾರೆಗಳಿರುವ ಪ್ರತಿ ದೊರೆತಾಗ ಮಾತ್ರ ಈ ಏರ್ಪಾಡಿನ ಬೆಲೆ ತಿಳಿಯುತ್ತದೆ. 2022ರ ‘ಕಾಂತಾರ’ದಲ್ಲಿ ದೈವದ ಕೂಗು ಕಾಡಿನ ಸದ್ದುಗಳ ನಡುವಿನಿಂದ ಎದ್ದುಬರುವುದನ್ನು ಅಂಥ ಪ್ರತಿಯಲ್ಲಿ ಕೇಳಬೇಕು. ಗಿರೀಶ ಕಾಸರವಳ್ಳಿಯವರ ‘ದ್ವೀಪ’ವಂತೂ, ನಾ. ಡಿ’ಸೋಜರ ಕಾದಂಬರಿಯಿಂದ ಬಂದುದು, ಮಳೆ ಮತ್ತು ಏರುವ ನೀರಿನ ಚಿತ್ರ. ಅಣೆಕಟ್ಟಿನಿಂದ ಊರು ಬಿಡಬೇಕಾದವರ ಕಥೆ. ನೆಲೆ ಕಳೆದುಕೊಳ್ಳುವುದೆಂದರೇನೆಂದು ಬಲ್ಲ ಗೋವೆಯ ಕನ್ನಡಿಗರು ಅದನ್ನು ನೋಡಲೇಬೇಕು. ಅದರಲ್ಲಿ ಮಳೆಯೂ ಒಂದು ಪಾತ್ರ. ಎರಡೇ ಧಾರೆಯ ಪ್ರತಿಯಾದರೂ ಸರಿಯೆ, ಸದ್ದಿಲ್ಲದ ಕೋಣೆಯಲ್ಲಿ ಕೇಳಿರಿ.

ಕೋಣೆಯ ಮಾತು ಬಂದುದರಿಂದ ಹೇಳುತ್ತೇನೆ: ಸ್ಪೀಕರಿಗಿಂತ ಕೋಣೆಯೇ ಮಾತನ್ನು ಹೆಚ್ಚು ಕೆಡಿಸುತ್ತದೆ. ನಮ್ಮ ಮನೆಗಳಲ್ಲಿ ಗಿಲಾವು ಮಾಡಿದ ಬರಿಗೋಡೆ, ಟೈಲ್ಸಿನ ನೆಲ, ಸಾಮಾನು ಕಡಿಮೆ. ಒಮ್ಮೆ ಚಪ್ಪಾಳೆ ತಟ್ಟಿರಿ. ‘ಝಣ್’ ಎಂಬ ಬಾಲ ಉಳಿದರೆ ಮಾತಿನ ವ್ಯಂಜನಗಳನ್ನೆಲ್ಲ ಆ ಬಾಲ ನುಂಗುತ್ತದೆಂದು ತಿಳಿಯಿರಿ. ಇದಕ್ಕೆ ಪೇಟೆಯಲ್ಲಿ ಸ್ಪಂಜಿನ ಹಲಗೆಗಳನ್ನು ಮಾರುತ್ತಾರೆ. ನಮಗೆ ಅದರ ಅಗತ್ಯವಿಲ್ಲ. ನಮ್ಮ ಹೆಣ್ಣುಮಕ್ಕಳು ಹಳೆಯ ಸೀರೆಗಳನ್ನು ಪದರುಪದರಾಗಿ ಹೊಲಿದ ಕೌದಿ ಮನೆಮನೆಯಲ್ಲಿದೆ. ಎರಡು ದಪ್ಪ ಕೌದಿಗಳನ್ನು, ಒಂದನ್ನು ಟಿ.ವಿ.ಯ ಎದುರು ಗೋಡೆಗೆ, ಇನ್ನೊಂದನ್ನು ಪಕ್ಕದ ಗೋಡೆಗೆ, ಗೋಡೆಯಿಂದ ಮೂರು ನಾಲ್ಕು ಅಂಗುಲ ಬಿಟ್ಟು ಹಗ್ಗಕ್ಕೆ ತೂಗುಹಾಕಿರಿ. ನೆಲಕ್ಕೆ ಜಮಖಾನೆ ಹಾಸಿರಿ. ಮತ್ತೆ ಚಪ್ಪಾಳೆ ತಟ್ಟಿದರೆ ವ್ಯತ್ಯಾಸ ತಿಳಿಯುತ್ತದೆ. ಜುವಾರಿನಗರದ ಒಂದು ಮನೆಯಲ್ಲಿ ಹೀಗೆ ಮಾಡಿದಾಗ, ದನಿ ಹೆಚ್ಚಿಸದೆಯೇ ಮಾತು ತಿಳಿಯಹತ್ತಿತೆಂದು ಆ ಮನೆಯ ಅಜ್ಜಿ ಹೇಳಿದರು. ಕೌದಿ ಅವರದೇ ಕೈಯ ಹೊಲಿಗೆ. ತಗಡಿನ ಮಾಡಿನ ಮನೆಗಳಿಗೆ ಮಾತ್ರ ಜೂನಿನಿಂದ ಸೆಪ್ಟೆಂಬರಿನವರೆಗೆ ಯಾವ ಉಪಾಯವೂ ಪೂರ್ತಿ ಫಲಿಸದು. ಮಳೆ ಹೊಯ್ಯುವಾಗ ಚಿತ್ರವನ್ನು ನಿಲ್ಲಿಸಿ, ಬಿಟ್ಟಾಗ ಮುಂದುವರಿಸುವುದೇ ದಾರಿ.

ಕಡಲ ತೀರದ ಉಪ್ಪುಗಾಳಿ ತಂತಿಯ ತುದಿಗಳನ್ನು ಕಿಲುಬುಗಟ್ಟಿಸುತ್ತದೆ. ತಿಂಗಳಿಗೊಮ್ಮೆ ವಿದ್ಯುತ್ತನ್ನು ಆರಿಸಿ ಎಲ್ಲ ತುದಿಗಳನ್ನೂ ತೆಗೆದು, ಒಣಬಟ್ಟೆಯಿಂದ ಒರೆಸಿ, ಮತ್ತೆ ಸಿಕ್ಕಿಸಬೇಕು. ಮಳೆಗಾಲದಲ್ಲಿ ಯಂತ್ರವನ್ನು ಮೂರು ನಾಲ್ಕು ದಿನಕ್ಕೊಮ್ಮೆಯಾದರೂ ಅರ್ಧ ತಾಸು ನಡೆಸಿದರೆ ಅದರ ಬಿಸಿಗೇ ತೇವ ಆರುತ್ತದೆ. ಸ್ಪೀಕರಿನಿಂದ ಎಡೆಬಿಡದೆ ‘ಗುಂಯ್’ ಎಂಬ ಸದ್ದು ಬರುತ್ತಿದ್ದರೆ ಯಂತ್ರ, ಟಿ.ವಿ., ಸ್ಪೀಕರುಗಳನ್ನು ಒಂದೇ ವಿದ್ಯುತ್ ಹಲಗೆಗೆ ಸೇರಿಸಿ ನೋಡಿರಿ. ಆ ಸದ್ದನ್ನು ಅಡಗಿಸಲೆಂದು ಪ್ಲಗ್ಗಿನ ಅರ್ಥಿಂಗ್ ಕಡ್ಡಿಯನ್ನು ಮುರಿಯುವವರಿದ್ದಾರೆ. ಅದು ಪ್ರಾಣದೊಡನೆ ಆಟ.

ಕೊನೆಯದಾಗಿ ನೆರೆಯವರ ವಿಷಯ. ಸಾಲುಮನೆಗಳಲ್ಲಿ ಒಂದೇ ಗೋಡೆ ಎರಡು ಕುಟುಂಬಗಳದು. ಮಂದ್ರಸ್ವರ ಗೋಡೆಯನ್ನು ದಾಟುವಷ್ಟು ಸುಲಭವಾಗಿ ಮಾತು ದಾಟದು. ಆದುದರಿಂದ ಪಕ್ಕದ ಮನೆಯ ಕೊಂಕಣಿ ತಾಯಿಗೆ ನಮ್ಮ ಚಿತ್ರದಿಂದ ತಲುಪುವುದು ಗುದ್ದು ಮಾತ್ರ. ಸಬ್‌ವೂಫರನ್ನು ಆ ಗೋಡೆಗೂ ಮೂಲೆಗೂ ತಾಗಿಸದೆ, ಒಂದು ದಪ್ಪ ರಬ್ಬರಿನ ಮೇಲಿಟ್ಟು, ಅದರ ದನಿಯನ್ನು ಅರ್ಧಕ್ಕಿಂತ ಕೆಳಗಿಡಿರಿ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಹೊತ್ತನ್ನು ರಾತ್ರಿಯೆಂದೇ ಎಣಿಸಿ, ವಸತಿ ಪ್ರದೇಶಗಳ ಶಬ್ದದ ಮಿತಿಯನ್ನು ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಎಂದು ಗೊತ್ತುಪಡಿಸಿವೆ. ಹತ್ತರ ಮೇಲೂ ಚಿತ್ರ ಮುಗಿಯದಿದ್ದರೆ ಸಬ್‌ವೂಫರಿನ ಗುಂಡಿಯನ್ನು ಪೂರ್ತಿ ಇಳಿಸಿ, ವಿ.ಎಲ್.ಸಿ.ಯ ಧ್ವನಿ ಪರಿಣಾಮಗಳಲ್ಲಿರುವ ‘ಕಂಪ್ರೆಸರ್’ ಎಂಬುದನ್ನು ಹಚ್ಚಿರಿ. ಅಬ್ಬರ ತಗ್ಗುತ್ತದೆ, ಪಿಸುಮಾತು ಏರುತ್ತದೆ. ಹೊದ್ದು ಕುಳಿತ ಮಕ್ಕಳಿಗೆ ಕಥೆಯ ಉಳಿದ ಭಾಗ ಸ್ಪಷ್ಟವಾಗಿ ಕೇಳುತ್ತದೆ.