ಎಲುಬಿಗೊಂದು ಹೆಪ್ಪು

ಹುಳುಕು ಹಿಡಿದ ದವಡೆಹಲ್ಲು ಆಗಲೇ ಟ್ರೇಗೆ ಬಿದ್ದಿದೆ. ಬೇರಿನ ಸುತ್ತಲಿನ ಎಲುಬನ್ನು ಕೀವು ತಿಂದುಹಾಕಿದ್ದರಿಂದ ಕೆಳದವಡೆಯಲ್ಲಿ ಆಳವಾದ ಗುಂಡಿ ಉಳಿದಿದೆ. "ಹೀಗೇ ಬಿಟ್ಟರೆ ಎಲುಬಿನ ಅಂಚು ಸವೆದು ಹೋಗುತ್ತಮ್ಮ, ಮುಂದೆ ಇಂಪ್ಲಾಂಟ್ ಕೂರಿಸೋಕೆ ನೆಲೆ ಸಿಗಲ್ಲ," ಎನ್ನುತ್ತಾರೆ ಡಾಕ್ಟರು. ಅಷ್ಟರಲ್ಲಿ ನರ್ಸ್ ರೋಗಿಯ ಮೊಣಕೈ ಮಡಿಕೆಯಿಂದ ಹತ್ತು ಮಿಲಿಯಷ್ಟು ರಕ್ತ ತೆಗೆದು ಓಡುತ್ತಾಳೆ. ಕೊಳವೆಯಲ್ಲಿ ಹೆಪ್ಪು ತಡೆಯುವ ಮದ್ದು ಹಾಕಿಲ್ಲ. ತಡಮಾಡಿದರೆ ಇಡೀ ರಕ್ತ ಅಲ್ಲೇ ಗಟ್ಟಿಯಾಗಿ ಕೆಲಸ ಕೆಡುತ್ತದೆ. ಸಮತೂಕಕ್ಕೆಂದು ಎದುರಿಗೊಂದು ನೀರಿನ ಕೊಳವೆ ಇಟ್ಟು ಮುಚ್ಚಳ ಹಾಕಿದ್ದೇ ತಡ, ಸೆಂಟ್ರಿಫ್ಯೂಜ್ ಗುಂಯ್‌ಗುಡುತ್ತದೆ. ನಿಮಿಷಕ್ಕೆ 2,700 ಸುತ್ತು, 12 ನಿಮಿಷ.

ಯಂತ್ರ ನಿಂತ ಮೇಲೆ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ತಳದಲ್ಲಿ ಕಡುಗೆಂಪು ಕಣಗಳು, ಮೇಲೆ ತಿಳಿಹಳದಿ ನೀರು. ನಡುವೆ ಎಳನೀರಿನ ಗಂಜಿಯಂತೆ ನುಣುಪಾದ, ಮಾಸಲು ಹಳದಿಯ ಹೆಪ್ಪು. ಇದೇ ಪಿಆರ್‌ಎಫ್, ಅಂದರೆ ಪ್ಲೇಟ್‌ಲೆಟ್‌ಗಳು ತುಂಬಿದ ಫೈಬ್ರಿನ್ ನಾರಿನ ಹೆಪ್ಪು. ಡಾಕ್ಟರು ಚಿಮಟದಿಂದ ಅದನ್ನು ಎಳೆದು, ಅಂಟಿಕೊಂಡ ಕೆಂಪು ಬಾಲವನ್ನು ಕತ್ತರಿಸುತ್ತಾರೆ. ಕೆಂಪು ಸೇರುವ ಅಂಚಿನಲ್ಲೇ ಪ್ಲೇಟ್‌ಲೆಟ್‌ಗಳು ಹೆಚ್ಚು, ಹಾಗಾಗಿ ಅಲ್ಲಿ ತುಸು ಕೆಂಪನ್ನು ಉಳಿಸಿಕೊಳ್ಳುತ್ತಾರೆ. ಸ್ಟೀಲ್ ಪೆಟ್ಟಿಗೆಯಲ್ಲಿಟ್ಟು ಮೆಲ್ಲಗೆ ಒತ್ತಿದರೆ ನೀರೆಲ್ಲ ಬಸಿದು ತೆಳ್ಳನೆಯ ಪೊರೆ ಸಿದ್ಧ.

"ನಂದೇ ರಕ್ತಾನಾ ಡಾಕ್ಟ್ರೇ ಇದು?"

"ನಿಮ್ಮದೇ ಅಮ್ಮ. ಹೊರಗಿಂದು ಏನೂ ಸೇರಿಸಿಲ್ಲ."

ಡೆಂಗಿ ಬಂದಾಗಷ್ಟೇ ನಾವು ಪ್ಲೇಟ್‌ಲೆಟ್‌ಗಳ ಲೆಕ್ಕ ಕೇಳುತ್ತೇವೆ. ಎರಡು-ಮೂರು ಮೈಕ್ರಾನ್ ಅಗಲದ, ನ್ಯೂಕ್ಲಿಯಸ್ಸೇ ಇಲ್ಲದ, ಹೆಚ್ಚೆಂದರೆ ಹತ್ತು ದಿನ ಬಾಳುವ ಈ ಚೂರುಗಳ ಹೊಟ್ಟೆಯಲ್ಲಿ ಪಿಡಿಜಿಎಫ್, ವಿಇಜಿಎಫ್‌ನಂಥ ಬೆಳವಣಿಗೆಯ ಅಂಶಗಳು ತುಂಬಿವೆ. ಗಾಯವಾದೊಡನೆ ಅವು ಹೊರಬಿದ್ದು ದುರಸ್ತಿ ಮಾಡುವ ಕೋಶಗಳನ್ನು ಕರೆಯುತ್ತವೆ, ಹೊಸ ರಕ್ತನಾಳ ಚಿಗುರಿಸುತ್ತವೆ. ಮುರಿದ ಎಲುಬು ಕೂಡುವುದೂ ಇಂಥ ಹೆಪ್ಪಿನಿಂದಲೇ ಶುರುವಾಗುತ್ತದೆ. ಮೆದು ಎಲುಬಿನ ಗಂಟು, ಗಟ್ಟಿ ಎಲುಬು ಎಲ್ಲ ಆಮೇಲಿನದು. 1998ರಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ಸ್ ಮತ್ತು ಸಂಗಡಿಗರು ಪ್ಲೇಟ್‌ಲೆಟ್ ಸಾಂದ್ರಗೊಳಿಸಿದ ಪ್ಲಾಸ್ಮಾವನ್ನು ದವಡೆಯ ಎಲುಬು ಕಸಿಗೆ ಬೆರೆಸಿ ತೋರಿಸಿದರು. ಮದ್ದಿಲ್ಲದೆ ಹೆಪ್ಪನ್ನೇ ಬಳಸುವ ಈ ದಾರಿ 2001ರಲ್ಲಿ ಫ್ರಾನ್ಸಿನ ಜೋಸೆಫ್ ಷುಕ್ರೂನ್ ಅವರಿಂದ ಬಂತು. ಫೈಬ್ರಿನ್ ಬಲೆಯಲ್ಲಿ ಸಿಕ್ಕ ಅಂಶಗಳು ಒಮ್ಮೆಲೇ ಚೆಲ್ಲಿಹೋಗದೆ ದಿನಗಟ್ಟಲೆ ಜಿನುಗುವುದು ಇದರ ಹೆಚ್ಚುಗಾರಿಕೆ.

ಆದರೂ ಇದನ್ನು ಪವಾಡವೆಂದು ಮಾರುವವರನ್ನು ನಾನು ಒಪ್ಪಲಾರೆ. ಒಸಡು ಬೇಗ ಮಾಯುವುದು ಕಣ್ಣಿಗೆ ಕಾಣುತ್ತದೆ. ಎಲುಬಿನ ಲಾಭ ಎಲ್ಲ ಅಧ್ಯಯನಗಳಲ್ಲೂ ಒಂದೇ ಸಮನಾಗಿಲ್ಲ. ಕೂಡದೆ ಉಳಿದ ಕಾಲೆಲುಬಿನಲ್ಲಿ ಪ್ಲೇಟ್‌ಲೆಟ್ ಚಿಕಿತ್ಸೆಯ ಫಲ ಇನ್ನೂ ಚರ್ಚೆಯಲ್ಲೇ ಇದೆ. ಕೀವನ್ನು ಕೆರೆದು ತೆಗೆಯಲೇಬೇಕು, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು.

ಪೊರೆ ಗುಂಡಿಯೊಳಗೆ ಕೂತಿತು, ಮೇಲೆ ಎರಡು ಹೊಲಿಗೆ ಬಿತ್ತು. "ಜೋರಾಗಿ ಉಗಿಯಬೇಡಿ, ಎಲೆಯಡಿಕೆ ಮುಟ್ಟಬೇಡಿ. ನಾಲ್ಕು ತಿಂಗಳು ಬಿಟ್ಟು ಎಕ್ಸ್‌ರೇ ತೆಗೆಯೋಣ, ಎಲುಬು ಎಷ್ಟು ಬಂದಿದೆ ಅಂತ ಆಗ ಹೇಳ್ತೀನಿ."