ಮುಂದಿನ ಮಗು ಗಂಡೇ? – ಒಂದು ಲೆಕ್ಕಾಚಾರ

"ಮೂರೂ ಹೆಣ್ಣಾದವು, ನಾಲ್ಕನೆಯದಾದರೂ ಗಂಡಾಗಲೇಬೇಕಲ್ಲವೇ, ಡಾಕ್ಟರೇ?" ಈ ಪ್ರಶ್ನೆಯನ್ನು ಎದುರಿಸದ ವೈದ್ಯಾಧಿಕಾರಿಗಳು ವಿರಳ. ಕೇಳುವವರ ಮನಸ್ಸಿನಲ್ಲಿ ಒಂದು ಗಣಿತವಿದೆ, ಆದರೆ ಅದು ತಪ್ಪು ಗಣಿತ. ಸರಿಯಾದುದನ್ನು ಅರಿಯಲು ಗುಣಾಕಾರ, ಭಾಗಾಕಾರಗಳು ಬಂದರೆ ಸಾಕು.

ನಾಣ್ಯವೊಂದನ್ನು ಮೇಲಕ್ಕೆ ಚಿಮ್ಮಿರಿ. ಅದರ ಎರಡು ಮುಖಗಳಲ್ಲಿ ಯಾವುದು ಬೇಕಾದರೂ ಮೇಲಾಗಿ ಬೀಳಬಹುದು. ನಾವು ಬಯಸುವ ಮುಖ ಒಂದು, ಸಮಾನವಾಗಿ ಸಾಧ್ಯವಿರುವ ಫಲಿತಾಂಶಗಳು ಎರಡು. ಆದುದರಿಂದ ಅದರ ಸಂಭವನೀಯತೆ 1/2. ಮಗುವಿನ ಲಿಂಗದ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ತಾಯಿಯ ಅಂಡಾಣುವಿನಲ್ಲಿ ಇರುವುದು ಎಕ್ಸ್ ವರ್ಣತಂತು ಮಾತ್ರ. ತಂದೆಯ ವೀರ್ಯಾಣುಗಳಲ್ಲಿ ಸುಮಾರು ಅರ್ಧದಷ್ಟು ಎಕ್ಸ್, ಉಳಿದರ್ಧ ವೈ. ಎಕ್ಸ್ ಕೂಡಿದರೆ ಹೆಣ್ಣು, ವೈ ಕೂಡಿದರೆ ಗಂಡು. ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಂಗಿಸುವ ಅತ್ತೆಯಂದಿರು, ಲಿಂಗವನ್ನು ನಿರ್ಧರಿಸುವ ಈ ವರ್ಣತಂತು ತಮ್ಮ ಮಗನಿಂದಲೇ ಬರುವುದೆಂಬುದನ್ನು ಗಮನಿಸಬೇಕು. ಆತನಿಗೂ ಅದರ ಮೇಲೆ ಹಿಡಿತವಿಲ್ಲವೆನ್ನಿ. (ಸಹಜವಾಗಿ 100 ಹೆಣ್ಣು ಶಿಶುಗಳಿಗೆ ಸುಮಾರು 105 ಗಂಡು ಶಿಶುಗಳು ಜನಿಸುತ್ತವೆ. ಈ ಅಲ್ಪ ವ್ಯತ್ಯಾಸವನ್ನು ಇಲ್ಲಿ ಬಿಟ್ಟಿದ್ದೇವೆ.)

ಒಂದರ ಮೇಲೊಂದು ಪ್ರಭಾವ ಬೀರದ ಘಟನೆಗಳು ಒಟ್ಟಾಗಿ ಸಂಭವಿಸುವುದನ್ನು ತಿಳಿಯಲು ಅವುಗಳ ಸಂಭವನೀಯತೆಗಳನ್ನು ಗುಣಿಸಬೇಕು. ಮೂರು ಮಕ್ಕಳೂ ಹೆಣ್ಣಾಗುವುದಕ್ಕೆ 1/2 × 1/2 × 1/2, ಅಂದರೆ 1/8. ನಾಲ್ಕೂ ಹೆಣ್ಣಾಗುವುದಕ್ಕೆ 1/16. ಎಡವುವುದು ಇಲ್ಲಿಯೇ. "ಹದಿನಾರರಲ್ಲಿ ಒಂದೇ ಒಂದು ಅವಕಾಶವೆಂದ ಮೇಲೆ ನಮಗೆ ಗಂಡು ಖಂಡಿತ" ಎಂದು ದಂಪತಿಗಳು ಭಾವಿಸುತ್ತಾರೆ. ಆದರೆ ಮೂರು ಹೆಣ್ಣಾಗಿ ನಾಲ್ಕನೆಯದು ಗಂಡಾಗುವ ಕ್ರಮದ ಸಂಭವನೀಯತೆಯೂ 1/16 ಮಾತ್ರ! ಮೂರು ಹೆರಿಗೆಗಳು ಆಗಿಹೋಗಿವೆ. ಈಗ ಉಳಿದಿರುವುದು ಈ ಎರಡೇ ಕ್ರಮಗಳು, ಎರಡೂ ಸಮಾನ. ಆದ್ದರಿಂದ ನಾಲ್ಕನೆಯದು ಗಂಡಾಗುವ ಸಂಭವನೀಯತೆ ಮತ್ತೆ 1/2. ಹಿಂದೆ ಹುಟ್ಟಿದ ಮಕ್ಕಳ ಲೆಕ್ಕವನ್ನು ವೀರ್ಯಾಣುವು ಇಟ್ಟಿರುವುದಿಲ್ಲ.

ಸಂಖ್ಯೆಗಳಲ್ಲಿಯೇ ನೋಡೋಣ. ಮೂರು ಮಕ್ಕಳುಳ್ಳ 800 ಕುಟುಂಬಗಳಿದ್ದರೆ ಸುಮಾರು 100ರಲ್ಲಿ ಮೂರೂ ಹೆಣ್ಣು. ಆ 100 ತಾಯಂದಿರೂ ಗಂಡಿಗಾಗಿ ಮತ್ತೊಮ್ಮೆ ಗರ್ಭ ಧರಿಸಿದರೆ ಸುಮಾರು 50 ಮಂದಿಗೆ ನಾಲ್ಕನೆಯದೂ ಹೆಣ್ಣೇ. ಆ 50 ಮಂದಿ ಐದನೆಯದಕ್ಕೆ ಮುಂದಾದರೆ 25 ಮಂದಿಗೆ ಅದೂ ಹೆಣ್ಣು. ಅಷ್ಟರಲ್ಲಿ ತಾಯಿಯ ದೇಹದ ಗತಿಯೇನು? ಬಿಡುವಿಲ್ಲದ ಬಸಿರು, ಬಾಣಂತನಗಳಿಂದ ರಕ್ತಹೀನತೆ ಹೆಚ್ಚುತ್ತದೆ. ಐದಾರು ಹೆರಿಗೆಗಳಾದ ಗರ್ಭಕೋಶವು ಹೆರಿಗೆಯ ನಂತರ ಸರಿಯಾಗಿ ಸಂಕುಚಿಸದೆ ತೀವ್ರ ರಕ್ತಸ್ರಾವವಾಗುವ ಅಪಾಯವೂ ಉಂಟು. ರಕ್ತಹೀನ ತಾಯಿ ಅದನ್ನು ತಾಳಲಾರಳು.

ಸ್ಕ್ಯಾನಿಂಗ್ ಮಾಡಿಸಿ ಭ್ರೂಣದ ಲಿಂಗವನ್ನು ತಿಳಿಯುವುದೂ, ತಿಳಿಸುವುದೂ 1994ರ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಗಂಡು ಹುಟ್ಟಿಸುವುದಾಗಿ ಔಷಧಿ ಕೊಡುವವರ ವಿಷಯದಲ್ಲಿಯೂ ಎಚ್ಚರವಿರಲಿ: ಅವರು ಬರಿಯ ನೀರನ್ನು ಕೊಟ್ಟರೂ ನೂರರಲ್ಲಿ ಸುಮಾರು ಐವತ್ತು ಬಾರಿ ಅವರ ಮಾತು ನಿಜವಾಗುತ್ತದೆ!

ಇನ್ನು ಮಕ್ಕಳು ಸಾಕೆಂದು ನಿರ್ಧರಿಸಿದ ದಂಪತಿಗಳು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಕೂಡಿಯೇ ಬರುವುದು ಒಳ್ಳೆಯದು. ವಂಕಿ, ನುಂಗುವ ಗುಳಿಗೆ, ಸ್ತ್ರೀಯರ ಶಸ್ತ್ರಚಿಕಿತ್ಸೆಗಳಲ್ಲದೆ, ಅದಕ್ಕಿಂತಲೂ ಸರಳವಾದ ಪುರುಷರ ಶಸ್ತ್ರಚಿಕಿತ್ಸೆಯ ವಿವರವನ್ನೂ ಅಲ್ಲಿ ಕೇಳಿ ತಿಳಿಯಬಹುದು.