ತಾರೀಖಿನ ಬರಹ, ವಿಷಯದ ಪುಟ

ನಿಪ್ಪಾಣಿಯ ತಂಬಾಕು ಪೇಟೆಯಲ್ಲಿ ಹಳೆಯ ಪದ್ಧತಿಯ ವ್ಯಾಪಾರಿಗೆ ಲೆಕ್ಕದ ಪುಸ್ತಕಗಳು ಎರಡು. ದಿನದಿನದ ಕೊಡುಕೊಳೆಯನ್ನು ನಡೆದ ಕ್ರಮದಲ್ಲಿಯೇ ರೋಜುಕಿರ್ದಿಯಲ್ಲಿ ಬರೆಯುವನು. ಬಳಿಕ ಅದನ್ನೇ ಆಸಾಮಿವಾರಾಗಿ ಖಾತೆಪುಸ್ತಕಕ್ಕೆ ಇಳಿಸುವನು. ನಿಸರ್ಗವನ್ನು ನೋಡಿ ಬರೆದಿಡುವ ವಿದ್ಯಾರ್ಥಿಗೂ ಈ ಇಬ್ಬಗೆ ಬೇಕು.

ಕೃಷ್ಣೆಯನ್ನೇ ತೆಗೆದುಕೊಳ್ಳೋಣ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ದಂಡೆಯ ಊರುಗಳು 2005, 2019, 2021ರಲ್ಲಿ ಮಹಾಪೂರಗಳನ್ನು ಕಂಡಿವೆ. ಇಲ್ಲಿ ಬಿಸಿಲಿರುವಾಗಲೂ ಹೊಳೆ ಏರುವುದುಂಟು. ಏಕೆಂದರೆ ನೀರು ಬರುವುದು ಸಹ್ಯಾದ್ರಿಯ ಮಳೆಯಿಂದ, ಕೊಯ್ನಾ ಜಲಾಶಯದ ಬಾಗಿಲುಗಳಿಂದ. “ಇಂದು ಮಳೆಯಿಲ್ಲ, ಕುಡಚಿ ಸೇತುವೆಯ ಬಳಿ ನೀರು ಎರಡು ಅಡಿ ಏರಿತು” ಎಂದು ಬರೆದಿದ್ದರೆ ಆ ಬರಹ ಒಂಟಿಯಾಗಿ ಒಗಟೇ ಸರಿ. ಪತ್ರಿಕೆಯಿಂದ ಬರೆದುಕೊಂಡ ಘಟ್ಟದ ಮಳೆ ಹಿಂದಿನ ಹಾಳೆಗಳಲ್ಲಿ ಹುದುಗಿರುತ್ತದೆ. ಎರಡನ್ನೂ ‘ಕೃಷ್ಣೆಯ ಏರಿಳಿತ’ವೆಂಬ ಒಂದೇ ಪುಟಕ್ಕೆ ತಂದಾಗ ನಡುವಣ ದಿನಗಳ ಅಂತರ ಕಣ್ಣಿಗೆ ಬೀಳುವುದು. ದನಕರುಗಳನ್ನು ದಿಬ್ಬಕ್ಕೆ ಸಾಗಿಸಲು ಎಷ್ಟು ಸಮಯ ಸಿಕ್ಕೀತೆಂಬ ಯೋಚನೆಗೆ ಆ ಅಂತರವೇ ಆಧಾರ.

ಕಂಡುದನ್ನು ತಾರೀಖಿನ ಕೆಳಗೆ ಬರೆಯಬೇಕು. ಮುಂದೆ ಅದನ್ನು ತಿದ್ದಕೂಡದು. ತಪ್ಪೆಂದು ತೋರಿದರೆ ಹೊಸ ತಾರೀಖಿನಲ್ಲಿ ಬೇರೆ ಬರೆಯಬೇಕು. ವಿಷಯದ ಪುಟವನ್ನಾದರೋ ತಿಳಿವು ಬೆಳೆದಂತೆಲ್ಲ ಒಡೆದು ಕಟ್ಟಬಹುದು. ಆದರೆ ಅಲ್ಲಿನ ಪ್ರತಿ ಮಾತಿನ ಪಕ್ಕದಲ್ಲಿ ಮೂಲದ ತಾರೀಖಿರಲಿ. ವ್ಯಾಪಾರಿಯೂ ಖಾತೆಯಲ್ಲಿ ಕಿರ್ದಿಯ ಪುಟಸಂಖ್ಯೆಯನ್ನು ಕಾಣಿಸುವನಷ್ಟೆ. ಪುಟಗಳು ಮಾತ್ರ ಅತಿಯಾಗದಿರಲಿ. ಒಂದೇ ಸಲ ಕಂಡ ಹಕ್ಕಿಗೆ ಪುಟವೇಕೆ? ಮೂರನೆಯ ಸಲ ಕಂಡಾಗ ತೆರೆದರಾಯಿತು.